ಗೋತ್ರದ ಖಾನೆಯಲ್ಲಿ ಬಂದ ಅಪ್ಪಣೆ

2016ರ ಜುಲೈ 12, ಮಂಗಳವಾರ. ಇಲಿನಾಯ್ ರಾಜ್ಯದ ಚುನಾವಣಾ ಮಂಡಳಿಯ ಕಂಪ್ಯೂಟರ್ ವಿಭಾಗದವರಿಗೆ ಒಂದು ವಿಚಿತ್ರ ಕಂಡಿತು. ಇಡೀ ರಾಜ್ಯದ ಮತದಾರರ ಪಟ್ಟಿಯನ್ನು ಇಟ್ಟುಕೊಂಡಿದ್ದ ಸರ್ವರ್ ಏದುಸಿರು ಬಿಡುತ್ತಿತ್ತು. ಪ್ರೊಸೆಸರ್ ಬಳಕೆ ನೂರಕ್ಕೆ ನೂರು. ಆವತ್ತು ಚುನಾವಣೆಯೇನೂ ಇರಲಿಲ್ಲ. ಲಾಗ್ ಬಿಚ್ಚಿ ನೋಡಿದರೆ, ಆನ್‌ಲೈನ್ ನೋಂದಣಿಯ ಸೈಟ್‌ನಲ್ಲಿ ‘ನನ್ನ ಅರ್ಜಿ ಎಲ್ಲಿಗೆ ಬಂತು’ ಅಂತ ವಿಚಾರಿಸುವ ಪುಟವೊಂದಿತ್ತಲ್ಲ, ಅದರ ಮೇಲೆ ಪ್ರಶ್ನೆಗಳು ಒಂದರ ಹಿಂದೊಂದು ಬಂದು ಬೀಳುತ್ತಿದ್ದವು. ಅರ್ಜಿಯ ಸಂಖ್ಯೆ ಬರೆಯಬೇಕಾದ ಜಾಗದಲ್ಲಿ ಯಾರೋ ಡೇಟಾಬೇಸಿಗೇ ಅಪ್ಪಣೆ ಕೊಡುತ್ತಿದ್ದರು.

ಆ ದಿನವೇ ಪ್ರೋಗ್ರಾಮರ್‌ಗಳು ತೂತು ಮುಚ್ಚಿದರು. ಮರುದಿನ ಸೈಟನ್ನೇ ಇಂಟರ್ನೆಟ್‌ನಿಂದ ಇಳಿಸಿದರು. ಹಳೆಯ ಲಾಗ್‌ಗಳನ್ನು ಕೆದಕಿದಾಗ ಗೊತ್ತಾಯಿತು: ಇದು ಶುರುವಾಗಿದ್ದು ಜೂನ್ 23ರಂದು. ಮೊದಲ ಮೂರು ವಾರ ಮೆಲ್ಲಗೆ, ಸದ್ದಿಲ್ಲದೆ ನಡೆದಿತ್ತು. ಬಂದವರು ದುರಾಸೆಗೆ ಬಿದ್ದು ವೇಗ ಹೆಚ್ಚಿಸದೇ ಇದ್ದಿದ್ದರೆ ಇನ್ನೆಷ್ಟು ದಿನ ನಡೀತಿತ್ತೋ. ಬಾಗಿಲು ಹಾಕಿದ ಮೇಲೂ ಅವರು ಬಿಡಲಿಲ್ಲ. ಸೆಕೆಂಡಿಗೆ 5 ಸಲದಂತೆ ಹಗಲೂ ರಾತ್ರಿ ಬಡಿದರು. ಆಗಸ್ಟ್ 12ಕ್ಕೆ ಇದ್ದಕ್ಕಿದ್ದಂತೆ ನಿಂತಿತು.

ಇದನ್ನು ಮಾಡಿದವರು ರಷ್ಯಾದ ಸೇನಾ ಗುಪ್ತಚರ ವಿಭಾಗದವರು ಅಂತ ಮುಂದೆ ಅಮೆರಿಕ ಸರ್ಕಾರ ಹೇಳಿತು. 2018ರ ಜುಲೈ 13ರಂದು 12 ಮಂದಿ ಅಧಿಕಾರಿಗಳ ಮೇಲೆ ಹಾಕಿದ ಆರೋಪಪಟ್ಟಿಯಲ್ಲಿ, ರಾಜ್ಯದ ಹೆಸರು ಹೇಳದೆ, ಒಂದು ಚುನಾವಣಾ ಮಂಡಳಿಯಿಂದ ಸುಮಾರು 5 ಲಕ್ಷ ಮತದಾರರ ವಿವರ ಕದ್ದರು ಎಂದಿದೆ. ಮಂಡಳಿಯ ಲೆಕ್ಕ ಬೇರೆ: ನೋಡಿದ್ದು ಖಚಿತ ಅನ್ನಬಹುದಾದ ದಾಖಲೆಗಳು 76,000ದಷ್ಟು. ಹೆಸರು, ವಿಳಾಸ, ಹುಟ್ಟಿದ ದಿನ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಕೊನೆಯ ಅಂಕಿಗಳು, ಕೆಲವರ ಡ್ರೈವಿಂಗ್ ಲೈಸೆನ್ಸ್ ಸಂಖ್ಯೆ. ಪಟ್ಟಿಯಲ್ಲಿ ಯಾವುದನ್ನೂ ಅಳಿಸಿರಲಿಲ್ಲ, ತಿದ್ದಿರಲಿಲ್ಲ.

ಮಂಡಳಿ ತನ್ನ ಪತ್ರದಲ್ಲಿ ಇದನ್ನು ಬಹಳ ಚಾಣಾಕ್ಷ ದಾಳಿ ಅಂತ ಕರೆಯಿತು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಬಂದವರ ಸಂಘಟನೆ ಚಾಣಾಕ್ಷ ಇರಬಹುದು. ಆದರೆ ಅವರು ಒಳಗೆ ಬಂದ ಬಾಗಿಲು? ಆ ಉಪಾಯಕ್ಕೆ ಆಗಲೇ ಹದಿನೆಂಟು ವರ್ಷ ತುಂಬುತ್ತಿತ್ತು. ಹೆಸರು ಎಸ್‌ಕ್ಯೂಎಲ್ ಇಂಜೆಕ್ಷನ್.

ಲೆಮಾಂಟ್ ಅಂದ ತಕ್ಷಣ ಶಿಕಾಗೊ ಸುತ್ತಲಿನ ಕನ್ನಡದ ಮನೆಗಳಿಗೆ ನೆನಪಾಗುವುದು ಗುಡ್ಡದ ಮೇಲಿನ ರಾಮನ ಗುಡಿ, ಹಿಂದೂ ಟೆಂಪಲ್ ಆಫ್ ಗ್ರೇಟರ್ ಶಿಕಾಗೊ. ಚಿಕ್ಕ ಊರು, ಆದರೆ ಮೂರು ಕೌಂಟಿಗಳಲ್ಲಿ ಹರಡಿದೆ: ಕುಕ್, ಡುಪೇಜ್, ವಿಲ್. ಆ ಮೂರೂ ಕೌಂಟಿಗಳ ಮತದಾರರು, ಅಂದರೆ ಪೌರತ್ವ ಪಡೆದು ಹೆಸರು ನೋಂದಾಯಿಸಿದ ನಮ್ಮವರೂ, ಸುಮಾರು 300 ಕಿಲೋಮೀಟರ್ ದೂರದ ಸ್ಪ್ರಿಂಗ್‌ಫೀಲ್ಡ್ ಮಂಡಳಿಯ ಅದೇ ಪಟ್ಟಿಯಲ್ಲಿ ಇದ್ದರು. ಹಾಗಾಗಿ ಈ ಉಪಾಯ ಏನು ಅಂತ ವಿವರಿಸೋದಕ್ಕೆ ಗುಡಿಗಿಂತ ಒಳ್ಳೆಯ ಜಾಗ ನನಗೆ ಹೊಳೆಯುತ್ತಿಲ್ಲ.

ಅರ್ಚನೆಗೆ ಚೀಟಿ ಬರೆಸ್ತೀವಲ್ಲ, ಹೆಸರು, ಗೋತ್ರ, ನಕ್ಷತ್ರ. ಅರ್ಚಕರು ಚೀಟಿ ನೋಡಿಕೊಂಡು ಸಂಕಲ್ಪ ಹೇಳ್ತಾರೆ. ವಾಕ್ಯ ಅವರದು, ನಡುವೆ ಸೇರುವ ಹೆಸರು ನಮ್ಮದು. ಈಗ ಒಬ್ಬ ಕಿಲಾಡಿ ಗೋತ್ರದ ಖಾನೆಯಲ್ಲಿ ಹೀಗೆ ಬರೆದ ಅಂದುಕೊಳ್ಳಿ: ‘ಕಾಶ್ಯಪ. ಇಲ್ಲಿಗೆ ಸಂಕಲ್ಪ ಮುಗಿಯಿತು. ಈಗ ಹುಂಡಿಯ ಬೀಗದಕೈಯನ್ನು ಈ ಚೀಟಿ ತಂದವನಿಗೆ ಕೊಡತಕ್ಕದ್ದು.’ ಅರ್ಚಕರು ನಕ್ಕು ಚೀಟಿ ಪಕ್ಕಕ್ಕಿಡ್ತಾರೆ. ಗೋತ್ರ ಯಾವುದು, ಅಪ್ಪಣೆ ಯಾವುದು ಅಂತ ಅವರಿಗೆ ಗೊತ್ತು. ಡೇಟಾಬೇಸಿಗೆ ಆ ವ್ಯತ್ಯಾಸ ಗೊತ್ತಾಗಲ್ಲ. ಪ್ರೋಗ್ರಾಮರ್ ತನ್ನ ವಾಕ್ಯದ ನಡುವೆ, ಸೈಟಿಗೆ ಬಂದವನು ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿ ಕಳಿಸಿದರೆ, ಡೇಟಾಬೇಸ್ ಕಣ್ಣಿಗೆ ಅದೆಲ್ಲ ಒಂದೇ ವಾಕ್ಯ. ಬೀಗದಕೈ ಕೊಡು ಅಂದರೆ ಕೊಡುತ್ತದೆ.

ಔಷಧಿಯೂ ಅಷ್ಟೇ ಸರಳ. ಚೀಟಿಯ ಬದಲು ಮುದ್ರಿತ ಅರ್ಜಿ. ವಾಕ್ಯವನ್ನು ಖಾಲಿ ಜಾಗ ಬಿಟ್ಟು ಮೊದಲೇ ಡೇಟಾಬೇಸಿಗೆ ಕಳಿಸಿ, ತುಂಬಬೇಕಾದ್ದನ್ನು ಬೇರೆಯಾಗಿ ಕಳಿಸುವುದು. ಗೋತ್ರದ ಖಾನೆಯಲ್ಲಿ ರಾಮಾಯಣವನ್ನೇ ಬರೆದಿದ್ದರೂ ಅದನ್ನು ಗೋತ್ರ ಅಂತಲೇ ಓದುವುದು. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಅಂತ ಇದಕ್ಕೆ ಹೆಸರು.

ಈ ಉಪಾಯ ಮೊದಲು ಅಚ್ಚಾಗಿದ್ದು 1998ರ ಕ್ರಿಸ್‌ಮಸ್ ದಿನ, ಫ್ರ್ಯಾಕ್ ಎಂಬ ಹ್ಯಾಕರ್ ಪತ್ರಿಕೆಯ 54ನೇ ಸಂಚಿಕೆಯಲ್ಲಿ. ಬರೆದವರು ‘ರೈನ್ ಫಾರೆಸ್ಟ್ ಪಪ್ಪಿ’ ಎಂಬ ಕಾವ್ಯನಾಮದ ಜೆಫ್ ಫಾರಿಸ್ಟಲ್. ಮುಂದೆ ಅವರು ಶಿಕಾಗೊದ ನಿಯೋಹ್ಯಾಪ್ಸಿಸ್ ಎಂಬ ಭದ್ರತಾ ಕಂಪನಿಯಲ್ಲಿ ಕೆಲಸ ಮಾಡಿದರು. ಮೈಕ್ರೋಸಾಫ್ಟ್‌ನ ಡೇಟಾಬೇಸಿಗೆ ಒಂದೇ ಸಲಕ್ಕೆ ಎರಡು ಅಪ್ಪಣೆ ಕೊಡಬಹುದು, ಎರಡನೆಯದು ಬಂದವನದ್ದಾಗಿರಬಹುದು ಅಂತ ಅವರು ತೋರಿಸಿಕೊಟ್ಟರು. ಕಂಪನಿಗೆ ತಿಳಿಸಿದಾಗ, ಇದೊಂದು ಸಮಸ್ಯೆಯೇ ಅಲ್ಲ ಅನ್ನುವ ಉತ್ತರ ಬಂತು ಅಂತ ಆ ಲೇಖನದಲ್ಲೇ ಕುಟುಕಿದ್ದಾರೆ.

ಹಾಗಾದರೆ ಹದಿನೆಂಟು ವರ್ಷ ಆದರೂ ಚುನಾವಣಾ ಮಂಡಳಿಯಂಥ ಕಡೆ ಈ ತೂತು ಹೇಗೆ ಉಳಿಯಿತು? ಇಲಿನಾಯ್‌ನ ಮತದಾರರ ಪಟ್ಟಿ ಹಳೆಯದು. ಮನೆಯಲ್ಲೇ ಕೂತು ಹೆಸರು ನೋಂದಾಯಿಸುವ ಸೌಕರ್ಯ ಬಂದಿದ್ದು 2014ರಲ್ಲಿ. ಹಳೆ ಗೋಡೆಗೆ ಹೊಸ ಕಿಟಕಿ ಕೊರೆದರು. ಕಳ್ಳ ಬಂದಿದ್ದು ಗೋಡೆ ಒಡೆದಲ್ಲ, ಆ ಕಿಟಕಿಯಿಂದ. ಈ ಮಾತನ್ನು ಹಿಡಿದುಕೊಂಡೇ ನಾವು ಸರ್ಕಾರದ ಸರ್ವರ್‌ನಿಂದ ನಮ್ಮ ನಿಮ್ಮ ಸಂಘಗಳ ವೆಬ್‌ಸೈಟಿಗೆ ಇಳಿಯಬಹುದು. ಅಲ್ಲಿ ಹೊಸ ಕಿಟಕಿಗಳಿಗೆ ಪ್ಲಗಿನ್ ಅಂತ ಹೆಸರು.

ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಸೇರಿ ವರ್ಡ್‌ಪ್ರೆಸ್ ಬಿಡುಗಡೆ ಮಾಡಿದ್ದು 2003ರ ಮೇ 27ರಂದು. ಒಂದು ವರ್ಷದ ನಂತರ ಬಂದ 1.2ನೇ ಆವೃತ್ತಿಯಲ್ಲಿ ಪ್ಲಗಿನ್ ಸೌಕರ್ಯ ಸೇರಿತು: ಮೂಲ ತಂತ್ರಾಂಶವನ್ನು ಮುಟ್ಟದೆ, ಯಾರು ಬೇಕಾದರೂ ಹೊಸದೊಂದು ತುಣುಕು ಬರೆದು ಜೋಡಿಸಬಹುದು. ಮೊದಮೊದಲ ಪ್ಲಗಿನ್‌ಗಳಲ್ಲಿ ಒಂದಾದ ‘ಹಲೋ ಡಾಲಿ’ ಮಾಡ್ತಿದ್ದದ್ದು ಇಷ್ಟೇ, ಪುಟದ ಮೂಲೆಯಲ್ಲಿ ಹಾಡೊಂದರ ಸಾಲು ತೋರಿಸೋದು. ಇವತ್ತು ಪ್ರಪಂಚದ ವೆಬ್‌ಸೈಟ್‌ಗಳಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ವರ್ಡ್‌ಪ್ರೆಸ್ ಮೇಲಿವೆ. ಅದರ ಅಧಿಕೃತ ಪಟ್ಟಿಯಲ್ಲಿ 50,000ಕ್ಕೂ ಹೆಚ್ಚು ಪ್ಲಗಿನ್‌ಗಳಿವೆ.

ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯ್ಟ್ ಕಡೆಯ ಪಂಪ ಕನ್ನಡ ಕೂಟ, ಇವೆರಡೂ 1970ರ ದಶಕದವು. ಆ ಕಾಲದಲ್ಲಿ ಸದಸ್ಯರ ಪಟ್ಟಿ ಅಂದರೆ ಕಾರ್ಯದರ್ಶಿಯ ಮನೆಯ ನೋಟ್‌ಬುಕ್ಕು. ಯುಗಾದಿ ಕಾರ್ಯಕ್ರಮದ ಸುದ್ದಿ ಅಂಚೆಯಲ್ಲಿ, ಫೋನಿನಲ್ಲಿ. ಈಗ ಯಾವ ಸಂಘಕ್ಕಾದರೂ ಒಂದು ಕ್ಯಾಲೆಂಡರ್ ಬೇಕು, ಊಟಕ್ಕೆ ಎಷ್ಟು ಜನ ಬರ್ತೀರಿ ಅಂತ ಕೇಳೋ ಫಾರ್ಮ್ ಬೇಕು, ದೇಣಿಗೆ ಕಟ್ಟೋ ಗುಂಡಿ ಬೇಕು, ಮುಖಪುಟದ ಮೇಲೆ ಓಡುವ ಫೋಟೋಗಳು ಬೇಕು. ಒಂದೊಂದಕ್ಕೂ ಒಂದೊಂದು ಪ್ಲಗಿನ್. ನಾನು ಯಾವ ಕೂಟದ, ಯಾವ ಗುಡಿಯ ಸೈಟನ್ನೂ ಬೊಟ್ಟು ಮಾಡಿ ಹೇಳ್ತಿಲ್ಲ. ಸ್ವಯಂಸೇವಕರು ನಡೆಸುವ ಸಂಸ್ಥೆಗಳ ಸಾಮಾನ್ಯ ಕಥೆ ಇದು. ಬೆಂಗಳೂರಿಂದ ಬಂದು ನೇಪರ್‌ವಿಲ್‌ನಲ್ಲೋ ನೋವೈನಲ್ಲೋ ಇರುವ ಒಬ್ಬ ಇಂಜಿನಿಯರ್ ಎರಡು ವೀಕೆಂಡ್ ಕೂತು ಸೈಟ್ ಕಟ್ಟಿಕೊಡ್ತಾರೆ. ಸಮಿತಿ ಬದಲಾಗುತ್ತೆ. ಅವರಿಗೆ ಟೆಕ್ಸಸ್‌ನಲ್ಲಿ ಕೆಲಸ ಸಿಗುತ್ತೆ. ಪ್ಲಗಿನ್‌ಗಳು ಮಾತ್ರ ಇದ್ದಲ್ಲೇ ಇರುತ್ತವೆ.

ಮತ್ತೆ ನೋಡಿ, ವರ್ಡ್‌ಪ್ರೆಸ್‌ನಲ್ಲಿ ಎಲ್ಲ ಪ್ಲಗಿನ್‌ಗಳೂ ಕೈಹಾಕುವುದು ಒಂದೇ ಡೇಟಾಬೇಸಿಗೆ, ಒಂದೇ ಬೀಗದಕೈ ಹಿಡಿದು. ಫೋಟೋ ಓಡಿಸುವ ಪ್ಲಗಿನ್‌ಗೆ ದೇಣಿಗೆದಾರರ ಪಟ್ಟಿಯಿಂದ ಆಗಬೇಕಾದ್ದು ಏನೂ ಇಲ್ಲ. ಆದರೆ ಅದರಲ್ಲಿ ತೂತಿದ್ದರೆ ಆ ಪಟ್ಟಿಯೂ ಹೋಯಿತು. ಕನ್ನಡ ಶಾಲೆಗೆ ಸೇರಿದ ಮಕ್ಕಳ ವಯಸ್ಸು, ಅಪ್ಪ ಅಮ್ಮನ ಮೊಬೈಲ್ ಸಂಖ್ಯೆ, ಪೂಜೆಗೆ ಬರೆಸಿದ ಗೋತ್ರ ನಕ್ಷತ್ರ, ಯಾರು ಎಷ್ಟು ಕೊಟ್ಟರು ಅನ್ನೋದು, ಎಲ್ಲಾ. ‘ನೀವು ಹೋದ ವರ್ಷ ಇಂಥ ಸೇವೆ ಮಾಡಿಸಿದ್ರಲ್ಲ’ ಅಂತ ಕನ್ನಡದಲ್ಲೇ ಮಾತು ಶುರುಮಾಡಿ ಗಿಫ್ಟ್ ಕಾರ್ಡ್ ಕೇಳುವವನಿಗೆ, ವಯಸ್ಸಾದ ಒಂದು ಜೀವವನ್ನು ನಂಬಿಸಲು ಇದಕ್ಕಿಂತ ಹೆಚ್ಚಿನ ಬಂಡವಾಳ ಬೇಕಾಗಿಲ್ಲ.

ಇಂಜೆಕ್ಷನ್‌ಗಳಲ್ಲೂ ಎರಡು ಬಗೆ. ಲಾಗಿನ್ ಆದವರಷ್ಟೇ ಮಾಡಬಲ್ಲದ್ದು ಒಂದು. ಬೀದಿಯಲ್ಲಿ ಹೋಗುವ ಯಾರಾದರೂ ಮಾಡಬಲ್ಲದ್ದು ಇನ್ನೊಂದು. ಎರಡನೆಯದನ್ನು ಯಾರೂ ಕೂತು ಕೈಯಾರೆ ಮಾಡೋದಿಲ್ಲ. ಯಂತ್ರಗಳು ಲಕ್ಷಾಂತರ ಸೈಟ್‌ಗಳ ಬಾಗಿಲನ್ನು ಸಾಲಾಗಿ ತಟ್ಟುತ್ತಾ ಹೋಗುತ್ತವೆ. ‘ನಮ್ಮದು ಸಣ್ಣ ಸಂಘ, ನಮ್ಮ ಹತ್ರ ಏನಿದೆ’ ಅನ್ನುವ ಸಮಾಧಾನ ಇಲ್ಲಿ ಕೆಲಸಕ್ಕೆ ಬರಲ್ಲ.

ಹಾಗೆ ತಟ್ಟಿದಾಗ ಸೈಟ್ ಪರದೆಯ ಮೇಲೆ ಏನೂ ತೋರಿಸದಿದ್ದರೂ ಕದಿಯಬಹುದು. ಮಾತಾಡದ ಕಾವಲುಗಾರ ಒಬ್ಬನಿದ್ದಾನೆ ಅಂದುಕೊಳ್ಳಿ. ‘ಅಡ್ಮಿನ್ ಹೆಸರಿನ ಮೊದಲ ಅಕ್ಷರ ಕ ಆಗಿದ್ದರೆ 5 ಸೆಕೆಂಡ್ ಸುಮ್ಮನಿದ್ದು ಆಮೇಲೆ ತಲೆಯಾಡಿಸು’ ಅಂತ ಅವನಿಗೆ ಹೇಳ್ತೀರಿ. ತಡವಾಗಿ ತಲೆಯಾಡಿಸಿದ ಅಂದರೆ ಕ. ಇಲ್ಲ ಅಂದರೆ ಖ ಕೇಳಿ, ಗ ಕೇಳಿ. ಮನುಷ್ಯನಿಗೆ ಬೇಸರ ಬರುತ್ತದೆ, ಯಂತ್ರಕ್ಕೆ ಬರುವುದಿಲ್ಲ. ಅಕ್ಷರ ಅಕ್ಷರವಾಗಿ ಇಡೀ ಪಟ್ಟಿ ಹೊರಗೆ ಬರುತ್ತದೆ.

2021ರ ಮಾರ್ಚ್‌ನಲ್ಲಿ ವರ್ಡ್‌ಫೆನ್ಸ್ ಎಂಬ ಭದ್ರತಾ ಕಂಪನಿಯವರು ‘ಡಬ್ಲ್ಯೂಪಿ ಸ್ಟಾಟಿಸ್ಟಿಕ್ಸ್’ ಎಂಬ ಪ್ಲಗಿನ್‌ನಲ್ಲಿ ಕಂಡುಹಿಡಿದದ್ದು ಇಂಥದ್ದೇ. ಸೈಟಿಗೆ ಎಷ್ಟು ಜನ ಬಂದರು ಅಂತ ಎಣಿಸುವ ಪ್ಲಗಿನ್ ಅದು, 6 ಲಕ್ಷಕ್ಕೂ ಹೆಚ್ಚು ಸೈಟ್‌ಗಳಲ್ಲಿತ್ತು. ಪ್ರಕರಣ ಪಾಠದಂತಿದೆ, ಸ್ವಲ್ಪ ನಿಂತು ನೋಡೋಣ. ಆ ಪುಟ ಇದ್ದದ್ದು ಅಡ್ಮಿನ್‌ಗೆ ಮಾತ್ರ. ಬೇರೆಯವರು ಹೋದರೆ ಪುಟ ಕಾಣಿಸುತ್ತಿರಲಿಲ್ಲ. ಆದರೆ ‘ನೀನು ಯಾರು’ ಅಂತ ಕೇಳುವ ಮೊದಲೇ ಪುಟದ ತಯಾರಿ ಶುರುವಾಗಿ, ಡೇಟಾಬೇಸಿಗೆ ಪ್ರಶ್ನೆ ಹೋಗಿಬಿಡುತ್ತಿತ್ತು. ಅಡುಗೆ ಮಾಡಿಟ್ಟ ಮೇಲೆ ಬಾಗಿಲಲ್ಲಿ ಟಿಕೆಟ್ ಕೇಳಿದ ಹಾಗೆ. ಎರಡನೆಯ ತಪ್ಪು ಇನ್ನೂ ಸೂಕ್ಷ್ಮ. ಬರೆದವರು ಔಷಧಿ ಹಾಕಿದ್ದರು, ಆದರೆ ಬೇರೆ ರೋಗದ್ದು. ಉದ್ಧರಣ ಚಿಹ್ನೆಗಳನ್ನು ನಿಷ್ಕ್ರಿಯ ಮಾಡುವ ಫಂಕ್ಷನ್ ಬಳಸಿದ್ದರು. ಹೆಸರು ಬರೆಯುವ ಕಡೆ ಅದು ಕೆಲಸ ಮಾಡುತ್ತದೆ, ಯಾಕೆಂದರೆ ಹೆಸರು ಉದ್ಧರಣ ಚಿಹ್ನೆಯ ಒಳಗಿರುತ್ತದೆ, ತಪ್ಪಿಸಿಕೊಳ್ಳಬೇಕಾದರೆ ಆ ಚಿಹ್ನೆಯನ್ನು ಮುರಿಯಬೇಕು. ಸಂಖ್ಯೆ ಬರುವ ಕಡೆ ಸುತ್ತ ಚಿಹ್ನೆಯೇ ಇರುವುದಿಲ್ಲ. ಬೇಲಿಯೇ ಇಲ್ಲದ ಹೊಲದಲ್ಲಿ ಗೇಟಿಗೆ ಮಾತ್ರ ಬೀಗ.

ವರ್ಡ್‌ಪ್ರೆಸ್ ತನ್ನ ಪ್ಲಗಿನ್‌ಕಾರರಿಗೆ ‘ಪ್ರಿಪೇರ್’ ಎಂಬ ಫಂಕ್ಷನ್ ಕೊಟ್ಟಿದ್ದು 2007ರಲ್ಲಿ, 2.3ನೇ ಆವೃತ್ತಿಯಲ್ಲಿ. ಹೆಸರು ಕೇಳಿದರೆ ಮೇಲೆ ಹೇಳಿದ ಮುದ್ರಿತ ಅರ್ಜಿಯೇ ಅನ್ನಿಸುತ್ತೆ. ಒಳಗೆ ಅದು ಹಾಗಲ್ಲ. ಎರಡನ್ನೂ ಬೇರೆಬೇರೆಯಾಗಿ ಕಳಿಸದೆ, ತಾನೇ ಚೀಟಿಯನ್ನು ಶುಚಿ ಮಾಡಿ ವಾಕ್ಯಕ್ಕೆ ಅಂಟಿಸಿ ಕಳಿಸುತ್ತದೆ. ಈ ಅರೆಬರೆ ವ್ಯವಸ್ಥೆಯ ಅಪಾಯವನ್ನು ಆಂಥನಿ ಫೆರಾರಾ ಎಂಬ ಪ್ರೋಗ್ರಾಮರ್ ತೋರಿಸಿಕೊಟ್ಟ ಮೇಲೆ, 2017ರ ಅಕ್ಟೋಬರ್ 31ರಂದು 4.8.3 ಆವೃತ್ತಿ ತಂದು ಬಿಗಿ ಮಾಡಬೇಕಾಯಿತು. ಕಾಲಮ್‌ಗಳ, ಟೇಬಲ್‌ಗಳ ಹೆಸರನ್ನು ಸುರಕ್ಷಿತವಾಗಿ ತುಂಬುವ ಖಾನೆ ಬಂದಿದ್ದು 2023ರ 6.2ರಲ್ಲಿ. ಅಲ್ಲಿಯವರೆಗೆ ‘ಹೆಸರಿನ ಪ್ರಕಾರ ಜೋಡಿಸು, ದಿನಾಂಕದ ಪ್ರಕಾರ ಜೋಡಿಸು’ ಅನ್ನುವಂಥ ಕಡೆಗಳಲ್ಲಿ ಪ್ಲಗಿನ್‌ಕಾರರು ಅನುಮತಿ ಇರುವ ಹೆಸರುಗಳ ಪಟ್ಟಿ ಇಟ್ಟುಕೊಂಡು ತಾವೇ ಹೋಲಿಸಬೇಕಿತ್ತು. ಮಾಡಿದವರು ಮಾಡಿದರು. ಇಷ್ಟಾದರೂ, ಪ್ರಿಪೇರ್ ಬಳಸಿದ್ದರೆ ನಾನು ಇಲ್ಲಿ ಹೇಳುತ್ತಿರುವ ಪ್ಲಗಿನ್ ತೂತುಗಳಲ್ಲಿ ಹೆಚ್ಚಿನವು ಹುಟ್ಟುತ್ತಲೇ ಇರಲಿಲ್ಲ.

ರಕ್ಷಣೆಯ ಪದರದಲ್ಲೇ ತೂತಿರುವುದೂ ಉಂಟು. 2014ರ ಅಕ್ಟೋಬರ್ 15ರಂದು ದ್ರೂಪಲ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ಸಿಕ್ಕಿದ್ದು ಅಂಥದ್ದು. ಇಂಜೆಕ್ಷನ್ ತಡೆಯಲೆಂದೇ ಬರೆದಿದ್ದ ಭಾಗದಲ್ಲೇ ಇಂಜೆಕ್ಷನ್, ಅದೂ ಲಾಗಿನ್ ಇಲ್ಲದೆ. ಎರಡು ವಾರದ ನಂತರ ದ್ರೂಪಲ್‌ನವರು ಹೇಳಿಕೆ ಕೊಟ್ಟರು: ಪ್ರಕಟಣೆ ಬಂದ 7 ಗಂಟೆಯೊಳಗೆ ಸರಿಪಡಿಸಿಕೊಳ್ಳದ ಸೈಟ್‌ಗಳು ಕೈತಪ್ಪಿವೆ ಅಂತಲೇ ತಿಳಿಯಿರಿ. 7 ಗಂಟೆ! ಸ್ವಯಂಸೇವಕರ ಸಮಿತಿ ಸೇರುವುದು ತಿಂಗಳಿಗೆ ಒಂದು ಸಲ.

ಈ ವೇಗದ ಅಂತರವೇ 2021ರ ಜುಲೈನಲ್ಲಿ ಒಂದು ನಿರ್ಧಾರಕ್ಕೆ ದಾರಿಯಾಯಿತು. ಆನ್‌ಲೈನ್ ಅಂಗಡಿಗಳ ಪ್ಲಗಿನ್ ‘ವೂಕಾಮರ್ಸ್’ನಲ್ಲಿ ಇಂಜೆಕ್ಷನ್ ತೂತು ಸಿಕ್ಕಿದಾಗ, ಅದರವರು 90ಕ್ಕೂ ಹೆಚ್ಚು ಹಳೆಯ ಆವೃತ್ತಿಗಳಿಗೆ ಬೇರೆಬೇರೆ ತೇಪೆ ತಯಾರಿಸಿ, ಮಾಲೀಕರ ಒಪ್ಪಿಗೆಗೆ ಕಾಯದೆ ಸೈಟ್‌ಗಳಿಗೆ ತಾವೇ ತಳ್ಳಲು ಶುರುಮಾಡಿದರು. ನಮ್ಮನ್ನು ಕೇಳದೆ ನಮ್ಮ ಮನೆಯ ಬೀಗ ಬದಲಾಯಿಸಿದ ಹಾಗಲ್ಲವೇ ಅಂತ ಕೇಳಿದರೆ, ಹೌದು, ಹಾಗೇ. ಆದರೂ ನನ್ನ ಮತ ಬದಲಾಯಿಸಿದವರ ಕಡೆಗೆ. ಮನೆಯಲ್ಲಿ ಬೇರೆಯವರ ಒಡವೆ ಇಟ್ಟುಕೊಂಡ ಮೇಲೆ ಬೀಗ ನಮ್ಮೊಬ್ಬರ ವಿಷಯವಾಗಿ ಉಳಿಯುವುದಿಲ್ಲ.

ಡೆಟ್ರಾಯ್ಟ್ ಕಡೆಯವರಿಗೆ ಈ ಮಾತು 2023ರಲ್ಲಿ ಮನೆಬಾಗಿಲಿಗೆ ಬಂತು. ಮೇ ತಿಂಗಳ ಕೊನೆಯಲ್ಲಿ ‘ಮೂವ್‌ಇಟ್’ ಎಂಬ ಕಡತ ಸಾಗಿಸುವ ತಂತ್ರಾಂಶದೊಳಗೆ ಕ್ಲಾಪ್ ಎಂಬ ಸುಲಿಗೆಕೋರರ ಗುಂಪು ನುಗ್ಗಿತು. ಲಾಗಿನ್ ಬೇಕಾಗಿರಲಿಲ್ಲ, ಬಾಗಿಲು ಅದೇ, ಎಸ್‌ಕ್ಯೂಎಲ್ ಇಂಜೆಕ್ಷನ್. ಆಗ್ನೇಯ ಮಿಷಿಗನ್‌ನ ಕೋರ್‌ವೆಲ್ ಆಸ್ಪತ್ರೆಗಳ 10 ಲಕ್ಷಕ್ಕೂ ಹೆಚ್ಚು ರೋಗಿಗಳ ವಿವರ ಹೋಯಿತು ಅಂತ ನವೆಂಬರ್‌ನಲ್ಲಿ ರಾಜ್ಯದ ಅಟಾರ್ನಿ ಜನರಲ್ ತಿಳಿಸಿದರು. ಮೂವ್‌ಇಟ್ ಬಳಸುತ್ತಿದ್ದದ್ದು ವೆಲ್‌ಟಾಕ್ ಎಂಬ ಕಂಪನಿ. ಅದು ಆಸ್ಪತ್ರೆಯ ಪರವಾಗಿ ರೋಗಿಗಳನ್ನು ಸಂಪರ್ಕಿಸುತ್ತಿತ್ತು. ಮಂಡಿನೋವಿಗೆ ಡಾಕ್ಟರ ಹತ್ತಿರ ಹೋದ ಒಬ್ಬ ಅಜ್ಜಿಯ ವಿವರ, ಅವರು ಹೆಸರೇ ಕೇಳಿರದ ಕಂಪನಿಯ ಕೈಗೆ ಹೋಗಿ, ಆ ಕಂಪನಿ ಕೊಂಡ ತಂತ್ರಾಂಶದಲ್ಲಿ ಯಾರೋ ಅಂಟಿಸಿದ ವಾಕ್ಯದಿಂದಾಗಿ ಹೊರಗೆ ಬರುವುದು ಅಂದರೆ ಇದು. ಜೋಡಣೆಯ ಮೇಲೊಂದು ಜೋಡಣೆ. ಅದೇ ಮೂವ್‌ಇಟ್ ಮೂಲಕ ಇಲಿನಾಯ್ ರಾಜ್ಯ ಸರ್ಕಾರದ ತಂತ್ರಜ್ಞಾನ ಇಲಾಖೆಯೂ ಪೆಟ್ಟು ತಿಂದಿತು.

ಸಂಘದ ಸೈಟ್ ನೋಡಿಕೊಳ್ಳುವವರು ‘ಹಾಗಾದರೆ ನಾವೇನು ಮಾಡೋದು’ ಅಂತ ಕೇಳಬಹುದು. ಬಳಸದ ಪ್ಲಗಿನ್ ಆಫ್ ಮಾಡಿದರೆ ಸಾಲದು, ತೆಗೆದೇ ಹಾಕಬೇಕು. ಉಳಿದವಕ್ಕೆ ತಾನಾಗಿ ಅಪ್‌ಡೇಟ್ ಆಗುವ ಸೌಕರ್ಯ ಹಾಕಿಡಬೇಕು. ಹಿಂದಿನ ಸಮಿತಿಗಳವರ ಅಡ್ಮಿನ್ ಖಾತೆ ಮುಚ್ಚಬೇಕು. ಕಾರ್ಯಕ್ರಮ ಮುಗಿದ ಮೇಲೆ ಊಟದ ಪಟ್ಟಿ ಅಳಿಸಬೇಕು, ಇಲ್ಲದ ಪಟ್ಟಿಯನ್ನು ಯಾರೂ ಕದಿಯಲಾರರು. ಸೈಟಿನ ಮುಂದೆ ಫೈರ್‌ವಾಲ್ ಇದ್ದರೆ ತೇಪೆ ಬರುವ ತನಕ ಸ್ವಲ್ಪ ಉಸಿರಾಡಬಹುದು, ಅದರ ಮೇಲೇ ಭಾರ ಹಾಕಿ ಕೂರುವಂತಿಲ್ಲ. ಹೊಸದಾಗಿ ಒಂದು ಅಡ್ಮಿನ್ ಹೆಸರು ಕಾಣಿಸಿಕೊಂಡರೆ ತಕ್ಷಣ ವಿಚಾರಿಸಬೇಕು. 2024ರಲ್ಲಿ ‘ಡಬ್ಲ್ಯೂಪಿ ಆಟೊಮ್ಯಾಟಿಕ್’ ಪ್ಲಗಿನ್‌ನ ತೂತು ಬಯಲಾದಾಗ ಒಳಗೆ ಬಂದವರು ಮೊದಲು ಮಾಡಿದ್ದು ಅದೇ, ತಮಗೊಂದು ಅಡ್ಮಿನ್ ಖಾತೆ. ಅದರ ಒಂದು ಕಡತವಂತೂ ಬಂದವನಿಂದ ಡೇಟಾಬೇಸಿನ ಪ್ರಶ್ನೆಯನ್ನೇ ಇಡಿಯಾಗಿ ತೆಗೆದುಕೊಂಡು ನಡೆಸಿಕೊಡುತ್ತಿತ್ತು. ಒಳಗೆ ಬಂದವರು ಆ ಕಡತದ ಹೆಸರನ್ನೇ ಬದಲಾಯಿಸಿಬಿಡುತ್ತಿದ್ದರು, ಮತ್ತೊಬ್ಬ ಕಳ್ಳ ಅದೇ ದಾರಿಯಲ್ಲಿ ಬರದಿರಲಿ ಅಂತ. ಆ ಪ್ಲಗಿನ್ ಮೇಲೆ ಕೆಲವೇ ವಾರಗಳಲ್ಲಿ 55 ಲಕ್ಷ ದಾಳಿಯ ಪ್ರಯತ್ನ ದಾಖಲಾಯಿತು.

ಇಲಿನಾಯ್ ತನ್ನ ಪಾಠವನ್ನು ಕಾನೂನಾಗಿ ಬರೆದುಕೊಂಡಿತು. 2018ರಲ್ಲಿ ಕೇಂದ್ರದಿಂದ ಬಂದ ಚುನಾವಣಾ ಭದ್ರತೆಯ ಹಣದಲ್ಲಿ ಕನಿಷ್ಠ ಅರ್ಧ ‘ಸೈಬರ್ ನ್ಯಾವಿಗೇಟರ್’ ಯೋಜನೆಗೆ ಮೀಸಲಾಯಿತು. ಸಣ್ಣ ಕೌಂಟಿಗಳ ಚುನಾವಣಾ ಕಚೇರಿಗಳಿಗೆ ಕಂಪ್ಯೂಟರ್ ಭದ್ರತೆ ಗೊತ್ತಿರುವವರನ್ನು ಕಳಿಸುವ ಯೋಜನೆ ಅದು. ಒಬ್ಬಿಬ್ಬರೇ ಕೂತು ಎಲ್ಲಾ ನೋಡಿಕೊಳ್ಳುವ ಕಚೇರಿಗೆ ಕರೆ ಮಾಡಲು ಒಂದು ಹೆಸರು ಸಿಕ್ಕಿತು. ಗುಡಿಗಳಿಗೂ ಕೂಟಗಳಿಗೂ ಅಂಥವರನ್ನು ಕಳಿಸುವವರು ಯಾರೂ ಇಲ್ಲ. ಕಂಪ್ಯೂಟರ್ ಭದ್ರತೆಯಲ್ಲೇ ಸಂಬಳ ತೆಗೆದುಕೊಳ್ಳುವ ನಮ್ಮವರು ಶಿಕಾಗೊ, ಡೆಟ್ರಾಯ್ಟ್ ಎರಡೂ ಕಡೆ ಇದ್ದಾರೆ, ಭಾನುವಾರ ಅದೇ ಗುಡಿಯಲ್ಲಿ ಪುಳಿಯೋಗರೆಗೆ ಸಾಲಿನಲ್ಲಿ ನಿಂತಿರುತ್ತಾರೆ ಅನ್ನೋದು ಬೇರೆ ಮಾತು.

2024ರ ಮಾರ್ಚ್ 25ರಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸೀಸಾ ಮತ್ತು ಎಫ್‌ಬಿಐ ಸೇರಿ ಒಂದು ಎಚ್ಚರಿಕೆ ಪ್ರಕಟಿಸಿದವು. ಮೂವ್‌ಇಟ್ ಪ್ರಕರಣವನ್ನು ನೆನಪಿಸಿ, ತಂತ್ರಾಂಶ ಕಂಪನಿಗಳು ಈ ತೂತನ್ನು ಬೇರುಸಹಿತ ಕಿತ್ತುಹಾಕಬೇಕು ಅಂತ ಹೇಳಿದವು. 2007ರಿಂದಲೇ ಇದನ್ನು ಕ್ಷಮೆಗೆ ಅರ್ಹವಲ್ಲದ ತಪ್ಪು ಅಂತ ಕರೆಯಲಾಗುತ್ತಿದೆ ಅನ್ನುವುದನ್ನೂ ಸೇರಿಸಿದವು. ಅದೇ ದಿನ ವರ್ಡ್‌ಫೆನ್ಸ್ ಕಂಪನಿಗೆ ಒಬ್ಬ ಸಂಶೋಧಕರಿಂದ ವರದಿ ಬಂತು: ಮುಖಪುಟದಲ್ಲಿ ಫೋಟೋ ಓಡಿಸುವ ‘ಲೇಯರ್‌ಸ್ಲೈಡರ್’ ಪ್ಲಗಿನ್‌ನಲ್ಲಿ, ಲಾಗಿನ್ ಇಲ್ಲದೆ, ಎಸ್‌ಕ್ಯೂಎಲ್ ಇಂಜೆಕ್ಷನ್. ಸಂಖ್ಯೆ ಬರಬೇಕಾದ ಜಾಗದಲ್ಲಿ ಬಂದದ್ದು ಸಂಖ್ಯೆಯಲ್ಲದಿದ್ದರೂ ಹಾಗೇ ವಾಕ್ಯಕ್ಕೆ ಸೇರುತ್ತಿತ್ತು, ಪ್ರಿಪೇರ್ ಬಳಸಿರಲಿಲ್ಲ. ಅದು 10 ಲಕ್ಷಕ್ಕೂ ಹೆಚ್ಚು ಸೈಟ್‌ಗಳಲ್ಲಿತ್ತು. ವರದಿ ಮಾಡಿದವರಿಗೆ 5,500 ಡಾಲರ್ ಬಹುಮಾನ ಸಿಕ್ಕಿತು. ಎರಡೇ ದಿನದಲ್ಲಿ, ಮಾರ್ಚ್ 27ಕ್ಕೆ, 7.10.1 ಆವೃತ್ತಿಯಲ್ಲಿ ತೂತು ಮುಚ್ಚಿತು. ಆದರೆ ಲೇಯರ್‌ಸ್ಲೈಡರ್ ದುಡ್ಡು ಕೊಟ್ಟು ಕೊಳ್ಳುವ ಪ್ಲಗಿನ್. ಎಷ್ಟೋ ಸೈಟ್‌ಗಳಿಗೆ ಅದು ಬಂದಿರುವುದು ಕೊಂಡ ಥೀಮ್‌ನ ಜೊತೆಗೆ, ಬೇರೆ ಲೈಸೆನ್ಸ್ ಇಲ್ಲದೆ. ಅಂಥ ಸೈಟ್‌ಗಳಿಗೆ ಅಪ್‌ಡೇಟ್ ತಾನಾಗಿ ಬರುವುದಿಲ್ಲ. ಥೀಮ್ ಮಾರಿದವರು ಹೊಸ ಪ್ರತಿ ಕಳಿಸಬೇಕು, ಅದನ್ನು ಯಾರಾದರೂ ಹಾಕಬೇಕು, ಹಾಕುವವರಿಗೆ ಆ ಫೋಟೋಗಳ ಹಿಂದೆ ಅಂಥದ್ದೊಂದು ಪ್ಲಗಿನ್ ಓಡುತ್ತಿದೆ ಅಂತ ಮೊದಲು ಗೊತ್ತಿರಬೇಕು.